ಹೆಪ್ಪು

ಜನವರಿ. ವಾನ್ ಸರೋವರದ ಮೇಲಿಂದ ಬಂದ ಗಾಳಿ
ವಾರ್ಡಿನ ಕಿಟಕಿ ಸಂದಿಗೆ ತುರುಕಿದ ಹಳೆ ಪತ್ರಿಕೆಯನ್ನು
ಮತ್ತೆ ಮತ್ತೆ ಓದುತ್ತಿದೆ.
ಏಳನೇ ಹಾಸಿಗೆಯಲ್ಲಿ ಖೆಜಾಲ್. ವಯಸ್ಸು ಐವತ್ತೆಂಟೋ ಅರವತ್ತೋ.
ನೆಲದೊಳಗಿನ ತಂದೂರಿಗೆ ರೊಟ್ಟಿ ಬಡಿಯುವಾಗ
ಹೊಗೆಗೆ ತಲೆ ಸುತ್ತಿ ಬಲಗೈ ಮೊದಲಾಗಿ ಬಿದ್ದವಳು.
ಪ್ರಜ್ಞೆ ಬಂದ ಕೂಡಲೇ ಕೇಳಿದ್ದು, ರೊಟ್ಟಿ ಏನಾಯಿತು?
ಕರಕಲಾಯಿತು, ಅಂದಳು ಸೊಸೆ ದಿಲ್ಶಾ.
ಕೈಯ ಸುದ್ದಿ ಇಬ್ಬರೂ ಎತ್ತಲಿಲ್ಲ.

ನಾನು ಪಶ್ಚಿಮದ ಕಡಲೂರಿನವಳು,
ಕಡ್ಡಾಯ ಸೇವೆಗೆಂದು ಇಲ್ಲಿಗೆ ಬಂದ ಡಾಕ್ಟರು.
ನನ್ನ ತುರ್ಕಿಗೂ ಅವಳ ಕುರ್ದಿಗೂ ನಡುವೆ ದಿಲ್ಶಾಳೇ ಸೇತುವೆ,
ಅರ್ಧ ದಾಟಿಸುತ್ತಾಳೆ, ಅರ್ಧ ನುಂಗುತ್ತಾಳೆ.

ಹೇಳಿದೆ: ನಿನ್ನದೇ ರಕ್ತ, ಚಹಾದ ಲೋಟದಷ್ಟೂ ಅಲ್ಲ,
ಯಂತ್ರದಲ್ಲಿಟ್ಟು ಗಿರಗಿರ ತಿರುಗಿಸುತ್ತೇವೆ.
ಕೆಂಪು ತಳ ಹಿಡಿಯುತ್ತದೆ, ಮೇಲೆ ಹಳದಿ ನೀರು,
ನಡುವೆ ಉಗುರಿನಷ್ಟು ತೆಳ್ಳನೆ ಕೆನೆ.
ಪ್ಲೇಟ್‌ಲೆಟ್‌ಗಳು ಅಲ್ಲಿರುತ್ತವೆ, ಗಾಯವಾಯಿತೆಂದರೆ
ಮಾಯಿಸುವ ಬುತ್ತಿ ಕಟ್ಟಿಕೊಂಡೇ ಓಡಿಬರುವ ಚೂರುಗಳು.
ನಿನ್ನ ತೊಡೆಯ ತೊಗಲನ್ನು ಬಲೆಯ ಹಾಗೆ ಹಿಗ್ಗಿಸಿ
ಕೈಗೆ ಹಾಸುವ ಮೊದಲು, ಕೆಳಗೆ ಅದನ್ನು ಚಿಮುಕಿಸುತ್ತೇವೆ,
ಕಸಿ ಹಿಡಿಯಲಿ ಎಂದು.

ದಿಲ್ಶಾ ಎಷ್ಟು ದಾಟಿಸಿದಳೋ.
ಮುದುಕಿ ಚಾವಣಿ ನೋಡುತ್ತ ಒಂದೇ ಮಾತು ಅಂದಳು:
ಹೇವೆನ್.
ಹಾಗಂದರೆ?
ಹಾಲಿಗೆ ಬಿಡುತ್ತಾರಲ್ಲ, ನಿನ್ನೆಯದರಿಂದ ಒಂದು ಚಮಚ.
ಹೆಪ್ಪು.

ಹೌದಲ್ಲ.
ಹರಿಯುವ ರಕ್ತ ನಿಲ್ಲುವುದಕ್ಕೂ ಹಾಲು ಗಟ್ಟಿಯಾಗುವುದಕ್ಕೂ
ಇದೊಂದೇ ಮಾತು ಸಾಕಿತ್ತು,
ನಾನು ಆರು ವರ್ಷ ಓದಿ ಊರೆಲ್ಲ ಸುತ್ತಿ ಬಂದಿದ್ದೆ.

ಆಮೇಲೆ ಹೇಳಲೇಬೇಕಾದ್ದನ್ನು ಹೇಳಿದೆ, ಸಹಿ ಬೇಕಿತ್ತು:
ಇದು ಅಧ್ಯಯನ. ಮೊಣಕೈಯಿಂದ ಮೇಲೆ ಚಿಮುಕಿಸುತ್ತೇವೆ,
ಕೆಳಗೆ ಇಲ್ಲ. ಹೋಲಿಸಿ ನೋಡುವುದಕ್ಕೆ.
ಈ ಸಲ ಅವಳು ಚಾವಣಿ ಬಿಟ್ಟು ನನ್ನನ್ನು ನೋಡಿದಳು.
ಒಂದೇ ತಪ್ಪಲೆ ಹಾಲು, ಅರ್ಧಕ್ಕೆ ಮಾತ್ರ ಹೆಪ್ಪೆ?
ನಿಮ್ಮಮ್ಮ ಹೀಗೇ ಮಾಡುತ್ತಾಳಾ?
ಪುಸ್ತಕಗಳು ಒಂದೊಂದು ಒಂದೊಂದು ಹೇಳುತ್ತವೆ,
ನಮಗೂ ಸರಿಯಾಗಿ ಗೊತ್ತಿಲ್ಲ, ಅಂದೆ.
ಗೊತ್ತಿಲ್ಲ ಅಂದದ್ದಕ್ಕೇ ಇರಬೇಕು
ಎಡಗೈ ಹೆಬ್ಬೆಟ್ಟನ್ನು ಶಾಯಿಗೆ ನೀಡಿದಳು.
ಮೇಲಿನದು ಮಗಳು, ಕೆಳಗಿನದು ಸೊಸೆ, ಅಂದಳಂತೆ.
ಅದನ್ನು ದಾಟಿಸುವಾಗ ದಿಲ್ಶಾಳ ಮುಖ ನೋಡಬೇಕಿತ್ತು.

ಕೈಯನ್ನು ಹಲಗೆಗೆ ಕಟ್ಟಿ ಎಚ್ಚರಿಸಿದೆ:
ಐದು ದಿನ ಅಲುಗಬಾರದು.
ನಕ್ಕಳು. ನನಗೆ ಹೇಳಿಕೊಡುತ್ತೀಯ?
ಹೆಪ್ಪು ಬಿಟ್ಟ ಮೇಲೆ ಕಂಬಳಿ ಹೊದಿಸಬೇಕು,
ತಪ್ಪಲೆ ಅಲುಗಿಸಬಾರದು, ಮುಚ್ಚಳ ಸರಿಸಿ ಇಣುಕಬಾರದು,
ಹತ್ತಿರ ನಿಂತು ಜಗಳವಾಡಬಾರದು.
ಇಣುಕಹೋದವಳು ನಾನೇ.
ರಾತ್ರಿ ಪಾಳಿಯಲ್ಲಿ ಎರಡು ಸಲ
ಬ್ಯಾಂಡೇಜಿನ ಅಂಚಿಗೆ ಕೈ ಚಾಚಿ
ಅವಳ ಕೆಮ್ಮು ಕೇಳಿ ಹಿಂದಕ್ಕೆ ಬಂದೆ.

ಐದನೇ ಬೆಳಿಗ್ಗೆ, ಉಪ್ಪುನೀರಲ್ಲಿ ನೆನೆಸಿ,
ಒಂದೊಂದೇ ಪದರ ಬಿಚ್ಚಿದೆ.
ಮಗಳು ಗುಲಾಬಿ. ಬಲೆಯ ಕಣ್ಣುಗಳು ಆಗಲೇ ಮುಚ್ಚುತ್ತಿದ್ದವು.
ಸೊಸೆ ತುಸು ಹಿಂದೆ; ಮಣಿಕಟ್ಟಿನ ಬಳಿ
ಹೆಬ್ಬೆರಳಗಲ ಕಪ್ಪಾಗಿ ಬಿಟ್ಟುಕೊಂಡಿತ್ತು.
ಅಳೆದೆ. ಫೋಟೊ ತೆಗೆದೆ. ಬರೆದೆ:
ವ್ಯತ್ಯಾಸ ಇದೆ. ಒಬ್ಬಳಲ್ಲಿ ಕಂಡದ್ದು. ಸಾಬೀತಾಗಿಲ್ಲ.

ಖೆಜಾಲ್ ಮೇಲಿನದರ ಕಡೆ ತಿರುಗಲೂ ಇಲ್ಲ.
ಆ ಕಪ್ಪನ್ನೇ ಬಹಳ ಹೊತ್ತು ನೋಡಿ ಅಂದಳು,
ಇವಳಿಗೆ ಸಮಯ ಬೇಕು, ಹೊರಗಿಂದ ಬಂದವಳಲ್ಲವೆ.

ದಿಲ್ಶಾ ಇದನ್ನು ದಾಟಿಸಲಿಲ್ಲ.
ಬಗ್ಗಿ ಅತ್ತೆಯ ಚಪ್ಪಲಿ ಜೋಡಿಸುತ್ತಿದ್ದಳು.
ಬೇಕಾಗಿಯೂ ಇರಲಿಲ್ಲ.
ಹೊರಗಿನವಳು ಎಂಬುದಕ್ಕೆ ಕುರ್ದಿಯಲ್ಲಿ ಏನನ್ನುತ್ತಾರೆಂದು
ಬಂದ ಮೊದಲ ವಾರವೇ ಕಲಿತಿದ್ದೆ.